ಬಾಕ್ಸ್ ಹಿಲ್‌ನ ಆ ಹೆಂಗಸು

ಅನುಮಾನ ಪಡುವುದರಲ್ಲಿ ಜಲಜಮ್ಮನವರದು ಎತ್ತಿದ ಕೈ. ಹುಟ್ಟಿನಿಂದ ಬಂದ ಗುಣವೇನಲ್ಲ, ಅನುಮಾನ ಪಡಲೆಂದೇ ಸರ್ಕಾರ ಅವರಿಗೆ ಸಂಬಳ ಕೊಟ್ಟಿತ್ತು. ಸಿಡ್ನಿಯ ವಿಮಾನ ನಿಲ್ದಾಣದಲ್ಲಿ ಹೊರದೇಶದಿಂದ ಬಂದವರ ಸೂಟ್‌ಕೇಸ್ ತೆಗೆಸಿ, ಒಳಗೆ ಆ ದೇಶಕ್ಕೆ ತರಬಾರದ ಬೀಜ, ಸೊಪ್ಪು, ಮಣ್ಣು ಏನಾದರೂ ಅಡಗಿದೆಯೇ ಎಂದು ನೋಡುವ ಕೆಲಸದಲ್ಲಿ ಅರ್ಧ ಆಯುಷ್ಯ ಕಳೆದವರು. ರೇಷ್ಮೆ ಸೀರೆಯ ಮಡಿಕೆಯಲ್ಲಿ ಕರಿಬೇವು, ಹಾಲಿನಪುಡಿಯ ಡಬ್ಬಿಯಲ್ಲಿ ತುಳಸಿ ಬೀಜ, ಮೊಮ್ಮಗುವಿನ ಡೈಪರ್ ಕಟ್ಟಿನೊಳಗೆ ಒಣಮೀನು, ಎಲ್ಲವನ್ನೂ ಕಂಡವರು. ಚೀಲ ತೆರೆಯುವುದೂ ಬೇಕಿರಲಿಲ್ಲ. ಮನುಷ್ಯ ನಡೆದು ಬರುವ ರೀತಿ ನೋಡಿಯೇ ಇವನನ್ನು ಪಕ್ಕಕ್ಕೆ ಕರೆಯಬೇಕು ಎಂದು ಅವರಿಗೆ ಹೊಳೆದುಬಿಡುತ್ತಿತ್ತು. ಮುಚ್ಚಿಟ್ಟವರೆಲ್ಲ ಒಂದೇ ಜಾತಿ ಎಂಬುದು ಅವರ ಮಾತು. ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಾರೆ, ಕೇಳಿದ ಪ್ರಶ್ನೆಗೆ ನಗುತ್ತಾರೆ.

ನಿವೃತ್ತಿಯಾಗಿ ಸಿಡ್ನಿಯಂಚಿನ ಕೆಲ್ಲಿವಿಲ್‌ನ ಮನೆಯಲ್ಲಿ ಕೂತ ಮೇಲೆ ಈ ವಿದ್ಯೆಗೆ ಮೇವಿಲ್ಲದಂತಾಯಿತು. ಗಂಡ ರಾಜಣ್ಣನವರು ಏನನ್ನೂ ಮುಚ್ಚಿಡಲು ಬಾರದ ಮನುಷ್ಯ. ಸಕ್ಕರೆ ಕಾಯಿಲೆ ಇಟ್ಟುಕೊಂಡು ಫ್ರಿಜ್‌ನಿಂದ ಒಂದು ಮೈಸೂರು ಪಾಕ್ ಕದ್ದರೆ ತಾವೇ ಬಂದು ಒಪ್ಪಿಕೊಳ್ಳುತ್ತಿದ್ದರು. ಹೀಗಾಗಿ ಜಲಜಮ್ಮನ ಕಣ್ಣು ಹೋಗಿ ಚಿರಂತನ್ ಮೇಲೆ ಬಿತ್ತು.

ಚಿರು ಅವರ ತಮ್ಮ ಇಂದ್ರೇಶನ ಮಗು. ತಾಯಿ ತೀರಿಕೊಂಡಾಗ ಇನ್ನೂ ಪ್ರೈಮರಿ ಶಾಲೆ. ಇಂದ್ರೇಶನಿಗೆ ನಾರ್ತ್ ಸಿಡ್ನಿಯ ಒಂದು ಐಟಿ ಕಂಪನಿಯಲ್ಲಿ ಕೆಲಸ, ಅರ್ಧ ತಿಂಗಳು ಸಿಂಗಪುರ, ಇನ್ನರ್ಧ ಮೀಟಿಂಗು. ಮಕ್ಕಳಿಲ್ಲದ ಜಲಜಮ್ಮ ಮಗುವನ್ನು ತಂದು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಹೆತ್ತಿಲ್ಲ ಎನ್ನುವುದೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ಅವರೇ ಮಾಡಿದ್ದು. ಹಲ್ಲು ಬಿದ್ದಾಗ, ಜ್ವರ ಬಂದಾಗ, ಟ್ರ್ಯಾಂಪೊಲಿನ್‌ನಿಂದ ಬಿದ್ದು ಎಡಗಾಲು ಮುರಿದಾಗ ಪಕ್ಕದಲ್ಲಿ ಇದ್ದವರು ಅವರು. ಈಗ ಚಿರುಗೆ ಇಪ್ಪತ್ತಾರು. ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ಕೆಲಸ, ಅಲ್ಲೇ ಫ್ಲ್ಯಾಟು.

ಮೊದಲೆಲ್ಲ ವಾರ ವಾರ ಬರುತ್ತಿದ್ದ ಫೋನ್ ತಿಂಗಳಿಗೊಮ್ಮೆ ಆಯಿತು. ವಿಡಿಯೋ ಕಾಲ್ ನಿಂತೇಹೋಯಿತು, ಕ್ಯಾಮೆರಾ ಕೆಟ್ಟಿದೆಯಂತೆ. ಹಬ್ಬಕ್ಕೆ ಬಂದರೂ ಉಟ್ಟ ಬಟ್ಟೆಯಲ್ಲಿ ಬಂದು ಅವಸರದಲ್ಲಿ ಓಡುವುದು. ಈ ದೀಪಾವಳಿಗೆ ಬರದಿದ್ದರೆ ಇವನು ಇನ್ನು ನಮ್ಮ ಕೈಗೆ ಸಿಗುವುದಿಲ್ಲ ಎಂದು ಜಲಜಮ್ಮನಿಗೆ ಗಟ್ಟಿಯಾಗಿ ಅನಿಸತೊಡಗಿತ್ತು. ಆ ಯೋಚನೆ ಬಂದಾಗಲೆಲ್ಲ ಅವರಿಗೆ ಊಟ ಸೇರುತ್ತಿರಲಿಲ್ಲ.

ದೀಪಾವಳಿ ಎಂದರೆ ಕೆಲ್ಲಿವಿಲ್ ಸುತ್ತಮುತ್ತಲ ಕನ್ನಡದವರಿಗೆ ಜಲಜಮ್ಮನ ಮನೆ. ನರಕ ಚತುರ್ದಶಿಯ ಬೆಳಿಗ್ಗೆ ಎರಡೂ ಕಾರುಗಳನ್ನು ಹೊರಗೆ ನಿಲ್ಲಿಸಿ, ಗ್ಯಾರೇಜು ತೊಳೆದು ರಂಗೋಲಿ ಹಾಕಿ, ಮಣೆಗಳನ್ನು ಸಾಲಾಗಿ ಇಡುತ್ತಿದ್ದರು. ಕಾರ್ಪೆಟ್ಟಿನ ಮೇಲೆ ಎಣ್ಣೆ ಬಿದ್ದರೆ ಯಾರು ತೊಳೆಯುವುದು? ಮನೆಯ ಗಂಡಸರು, ಬಂದ ಸ್ನೇಹಿತರು, ಅವರ ಗಂಡುಮಕ್ಕಳು ಎಲ್ಲ ಅಂಗಿ ಬಿಚ್ಚಿ ಮಣೆಯ ಮೇಲೆ ಕೂರಬೇಕು. ಜಲಜಮ್ಮ ಬಿಸಿ ಎಳ್ಳೆಣ್ಣೆಯ ಬಟ್ಟಲು ಹಿಡಿದು ಒಬ್ಬೊಬ್ಬರ ನೆತ್ತಿಗೆ, ಬೆನ್ನಿಗೆ, ಎದೆಗೆ ಎಣ್ಣೆ ಒತ್ತಿ, ಆರತಿ ಎತ್ತಿ, ಸ್ನಾನಕ್ಕೆ ಕಳಿಸುತ್ತಿದ್ದರು. ಮೊದಲ ಮಣೆ ಯಾವಾಗಲೂ ಚಿರುವಿನದು. ವರ್ಷವಿಡೀ ಅವರು ಕಾಯುತ್ತಿದ್ದದ್ದು ಆ ಒಂದು ಬೆಳಿಗ್ಗೆಗೆ.

ಕಳೆದ ವರ್ಷ ಚಿರು ಟಿ-ಶರ್ಟ್ ಬಿಚ್ಚಲು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಚಳಿ ಎಂದ. ಜ್ವರ ಎಂದ. ಸುತ್ತ ಕೂತ ಗಂಡಸರು ಹಾಸ್ಯ ಮಾಡಿದರು. ಜಲಜಮ್ಮನೂ ನಗುತ್ತಲೇ, "ಗಂಡು ಹುಡುಗ್ರಿಗೆ ಎಂಥ ನಾಚಿಕೆನೋ ರಾಜಾ" ಎಂದು ಎಣ್ಣೆಗೈಯಲ್ಲಿ ಟಿ-ಶರ್ಟಿನ ಅಂಚು ಹಿಡಿದು ಮೇಲಕ್ಕೆ ಎಳೆದರು. ಚಿರು ಎದ್ದ ರಭಸಕ್ಕೆ ಬಟ್ಟಲು ಉರುಳಿತು. ಬಚ್ಚಲಲ್ಲಿ ವಾಂತಿ ಮಾಡಿಕೊಂಡ ಸದ್ದು ಗ್ಯಾರೇಜಿಗೂ ಕೇಳಿಸಿತು. ಮಧ್ಯಾಹ್ನದ ಹೋಳಿಗೆಗೂ ನಿಲ್ಲದೆ ವಿಮಾನ ಹತ್ತಿಬಿಟ್ಟ. ಹಿಂದಿನ ಸಂಜೆ ಯಾರದೋ ಮನೆಯಲ್ಲಿ ತಿಂದ ಮಸಾಲೆಪುರಿಯ ಮೇಲೆ ಜಲಜಮ್ಮ ತಪ್ಪು ಹೊರಿಸಿದರು. ಪುರಿ ಮಾಡಿದವಳೊಂದಿಗೆ ಒಂದಷ್ಟು ದಿನ ಮಾತೂ ಬಿಟ್ಟರು.

ಆಮೇಲೆ ಅವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡತೊಡಗಿದರು. ಯುಗಾದಿಗೆ ಬಂದಿದ್ದಾಗ ಕನ್ನಡ ಸಂಘದ ಹಾಲ್‌ನಲ್ಲಿ ಚಿರು ಹೆಂಗಸರ ಜೊತೆ ಕೂತು ಒಬ್ಬಟ್ಟಿಗೆ ತುಪ್ಪ ಸವರುತ್ತ ನಗುತ್ತಿದ್ದ. ಯಾರೋ ಅಂಕಲ್ ಬಂದು ಭುಜಕ್ಕೆ ಬಡಿದು, ಗಂಡು ಹುಡುಗರೆಲ್ಲ ಹೋಗಿ ಕುರ್ಚಿ ಜೋಡಿಸಿ ಎಂದರು. ಚಿರುವಿನ ಮುಖ ಸುಣ್ಣವಾಯಿತು. ಕೈ ತಾನಾಗಿ ಗಂಟಲಿಗೆ ಹೋಗಿ, ಗಂಟಲನ್ನು ಮುಚ್ಚಿಕೊಂಡಂತೆ ನಿಂತಿತು. ಕುರ್ಚಿ ಜೋಡಿಸಿದವನು ಮತ್ತೆ ಒಳಗೆ ಬರಲಿಲ್ಲ, ಕಾರಿನಲ್ಲಿ ಕೂತಿದ್ದ. ಆ ಅಂಕಲ್‌ಗೂ ಇವನಿಗೂ ಏನೋ ವ್ಯವಹಾರವಿದೆ ಎಂದು ಜಲಜಮ್ಮ ಸಂಶಯಪಟ್ಟರು. ಗಂಟಲಿನ ಕಾಯಿಲೆ ಇರಬಹುದೆಂದು ಥೈರಾಯ್ಡ್ ಪರೀಕ್ಷೆ ಮಾಡಿಸಿಕೋ ಎಂದೂ ಹೇಳಿದರು.

ಈ ಸೆಪ್ಟೆಂಬರಿನಲ್ಲಿ ಗೌರಿ ಹಬ್ಬ. ಚಿರು ಬಂದ ಸಂಜೆ ಜಲಜಮ್ಮ ಪ್ರೀತಿಯಿಂದ ಅವನ ಗಲ್ಲ ಸವರಿ, ಗಡ್ಡ ಬಿಟ್ಟರೆ ನಿಮ್ಮಪ್ಪನದೇ ಪಡಿಯಚ್ಚು ಎಂದರು. ಅಷ್ಟೇ. ಮತ್ತದೇ ಕೈ, ಮತ್ತದೇ ಗಂಟಲು. ಬೆಳಗಾಗುವುದರೊಳಗೆ ಆಫೀಸಿನಿಂದ ಕರೆ ಬಂತೆಂದು ಹೊರಟುಹೋದ. ಬಚ್ಚಲಲ್ಲಿ ಅವನ ಶೇವಿಂಗ್ ಸಾಮಾನಿನ ಚೀಲ ಉಳಿದುಹೋಗಿತ್ತು.

ಚೀಲ ಕಂಡರೆ ತೆರೆಯದೆ ಬಿಡುವ ಕೈಗಳಲ್ಲ ಅವು. ಒಳಗಿನ ಜಿಪ್ಪಿನ ಹಿಂದೆ, ಹತ್ತಿಯಲ್ಲಿ ಸುತ್ತಿಟ್ಟ ಸಣ್ಣ ಪೊಟ್ಟಣಗಳು ಸಿಕ್ಕವು. ಡಬ್ಬಿ ಇಲ್ಲ, ಕೊಂಡವರ ಹೆಸರು ಬರೆದ ಲೇಬಲ್ ಇಲ್ಲ. ಪೊಟ್ಟಣ ನೋಡಿದ ಕೂಡಲೇ ಜಲಜಮ್ಮನಿಗೆ ಗುರುತು ಹತ್ತಿತು. ಮುಟ್ಟು ನಿಲ್ಲುವ ಕಾಲದಲ್ಲಿ ಮೈಯೆಲ್ಲ ಕಾದು ಬೆವರಿ, ನಿದ್ದೆಗೆಟ್ಟು ಒದ್ದಾಡುತ್ತಿದ್ದಾಗ ಅವರ ಡಾಕ್ಟರು ಕೊಟ್ಟಿದ್ದು ಇದೇ ಪ್ಯಾಚು. ಹೊಟ್ಟೆಯ ಕೆಳಗೆ ಅಂಟಿಸಿಕೊಳ್ಳುವ, ಹೆಂಗಸರ ಹಾರ್ಮೋನಿನ ಪ್ಯಾಚು. ಅದು ಇವನ ಚೀಲದಲ್ಲಿ ಏಕೆ?

ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದ ಅವರ ತಲೆ ಆ ಬೆಳಿಗ್ಗೆ ಭರ್ಜರಿಯಾಗಿ ಓಡಿತು. ಕ್ಯಾಮೆರಾ ಕೆಟ್ಟಿದೆ ಎನ್ನುತ್ತಾನೆ, ಅಂದರೆ ಮನೆಯಲ್ಲಿ ಯಾರೋ ಇದ್ದಾರೆ. ಅಂಗಿ ಬಿಚ್ಚಲು ಒಲ್ಲೆ ಎನ್ನುತ್ತಾನೆ, ಅಂದರೆ ಎದೆಯ ಮೇಲೆ ಅವಳ ಹೆಸರಿನ ಹಚ್ಚೆ ಇದೆ. ಅಪ್ಪನ ಹೋಲಿಕೆ ಹೇಳಿದರೆ ಮುಖ ಸಪ್ಪಗಾಗುತ್ತದೆ, ಅಂದರೆ ಅವಳು ಅಪ್ಪನ ವಯಸ್ಸಿನವಳು. ಲೆಕ್ಕ ಕೂಡಿತು. ಚಿರು ಮೆಲ್ಬರ್ನ್‌ನಲ್ಲಿ ಐವತ್ತು ದಾಟಿದ, ಮುಟ್ಟು ನಿಂತ ಯಾವಳೋ ಹೆಂಗಸಿನ ಜೊತೆ ಸಂಸಾರ ಹೂಡಿದ್ದಾನೆ!

ರಾಜಣ್ಣನವರು ಕೇಳಿ, ಯಾರಿಗಾದರೂ ಔಷಧಿ ತಂದುಕೊಡುತ್ತಿರಬಹುದು ಬಿಡೇ ಎಂದರು. ತಂದುಕೊಡುವವನು ಹತ್ತಿಯಲ್ಲಿ ಸುತ್ತಿ ಬಚ್ಚಿಡುತ್ತಾನೆಯೇ ಎಂದು ಜಲಜಮ್ಮ ಗದರಿದರು. ಇಂದ್ರೇಶನಿಗೆ ಸುದ್ದಿ ಮುಟ್ಟಿತು.  ಅವನು ಪಾಪ, ನೀನೇ ಹೋಗಿ ನೋಡಿಕೊಂಡು ಬಾ ಅಕ್ಕ, ನಾನು ಹೋದರೆ ಜಗಳವಾಗುತ್ತದೆ ಎಂದ. ಅವಳು ಯಾರೇ ಆಗಿರಲಿ, ಸಮಾಧಾನದಲ್ಲಿ ಮಾತಾಡು ಎಂದೂ ಸೇರಿಸಿದ. ಜಲಜಮ್ಮ ಸಮಾಧಾನದಲ್ಲಿ ಮಾತಾಡುವ ಯೋಚನೆಯನ್ನೇನೂ ಇಟ್ಟುಕೊಂಡಿರಲಿಲ್ಲ. ದೀಪಾವಳಿ ಹತ್ತಿರ ಬಂದಿತ್ತು. ಆ ಹೆಂಗಸಿನ ಬಾಯಿ ಬಿಡಿಸಿ, ಹುಡುಗನನ್ನು ಕೈಹಿಡಿದು ಕರೆತರುವುದೇ ಸೈ ಎಂದು ಹೇಳದೆ ಕೇಳದೆ ಒಂದು ಶನಿವಾರ ಬೆಳಗಿನ ವಿಮಾನ ಹತ್ತಿದರು.

ಬಾಕ್ಸ್ ಹಿಲ್‌ನಲ್ಲಿ ಚಿರುವಿನ ಫ್ಲ್ಯಾಟು ಮಾರ್ಕೆಟ್ಟಿನ ಎದುರಿನ ಕಟ್ಟಡದ ಎರಡನೇ ಮಹಡಿಯಲ್ಲಿ. ಬಾಗಿಲು ತೆರೆದವಳು ಗಾನವಿ. ದಾವಣಗೆರೆಯ ಹುಡುಗಿ, ಓದಲು ಬಂದು, ಇಲ್ಲೇ ನೆಲೆಸಲು ಪಿಆರ್ ಪಡೆದು ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಳು, ರೆಂಟ್ ಹಂಚಿಕೊಂಡು ಚಿರುವಿನ ಇನ್ನೊಂದು ಕೋಣೆಯಲ್ಲಿದ್ದಳು. ಅವಳ ಹೆಸರು ಮಾತ್ರ ಜಲಜಮ್ಮನಿಗೆ ಗೊತ್ತಿತ್ತು. ಬಾಗಿಲಲ್ಲಿ ಜಲಜಮ್ಮನ ಪರಿಚಯ ಕೇಳುತ್ತಲೇ ಗಾನವಿಯ ಕಣ್ಣು ದೊಡ್ಡದಾಯಿತು.

"ಬರ್ರಿ ಆಂಟಿ, ಒಳಗ ಬರ್ರಿ. ಚಿರು ಮಾರ್ಕೆಟ್‌ಗೆ ಹೋಗ್ಯಾರ. ಮನ್ಯಾಗ ನಾವಿಬ್ರೇ ಇರೋದ್ರಿ, ಮತ್ಯಾರೂ ಇಲ್ಲ."

ಮತ್ಯಾರಾದರೂ ಇದ್ದಾರೆಯೇ ಎಂದು ಜಲಜಮ್ಮ ಕೇಳಿಯೇ ಇರಲಿಲ್ಲ. ಅವರ ಕಿವಿ ನೆಟ್ಟಗಾಯಿತು.

ಗಾನವಿ ಫೋನ್ ಎತ್ತಿಕೊಳ್ಳಲು ಹೋದಳು. ಅವನಿಗೆ ಹೇಳುವುದೇನೂ ಬೇಡ, ಬರಲಿ ಎಂದು ಜಲಜಮ್ಮ ಅವಳನ್ನು ಟೀ ಮಾಡಲು ಅಡುಗೆಮನೆಗೆ ಅಟ್ಟಿದರು. ತಾವು ಮನೆಯನ್ನು ಕಣ್ಣಲ್ಲೇ ತಪಾಸಣೆ ಮಾಡಿದರು. ಬಾಗಿಲ ಬಳಿ ಎರಡು ಅಳತೆಯ ಹೆಂಗಸರ ಚಪ್ಪಲಿ. ಒಂದು ಗಾನವಿಯ ಗುಬ್ಬಿಪಾದಕ್ಕೆ ಸರಿ. ಇನ್ನೊಂದು ದೊಡ್ಡ ಅಳತೆಯದು, ಒಳ್ಳೆ ಎತ್ತರದ ಹೆಂಗಸಿನದು. ಒಣಹಾಕಿದ ಬಟ್ಟೆಗಳ ನಡುವೆ ಉದ್ದ ತೋಳಿನ ಕುರ್ತಾಗಳು, ಗಾನವಿ ತೊಟ್ಟರೆ ನೆಲ ಗುಡಿಸುವಂಥವು. ಟಿವಿಯ ಪಕ್ಕದ ತಟ್ಟೆಯಲ್ಲಿ ಜುಮಕಿ. ಹುಡುಗನ ಸಾಮಾನು ಎನ್ನುವಂಥದ್ದು ಆ ಮನೆಯಲ್ಲಿ ಒಂದೂ ಕಾಣಲಿಲ್ಲ. ಅವಳು ಅವನನ್ನು ಪೂರ್ತಿ ನುಂಗಿಬಿಟ್ಟಿದ್ದಾಳೆ ಎಂದುಕೊಂಡರು ಜಲಜಮ್ಮ. ಅವರಿಗೆ ಮೈ ಉರಿಯಿತು, ಜೊತೆಗೆ ಅಳುವೂ ಬಂತು.

ಬಾಲ್ಕನಿಗೆ ಹೋಗಿ ನಿಂತರು. ಕೆಳಗೆ ತರಕಾರಿ ಅಂಗಡಿಯ ಮುಂದೆ ಚೀನೀ ಅಜ್ಜಿಯೊಬ್ಬಳು ಎತ್ತರದ ಹೆಂಗಸೊಬ್ಬಳಿಗೆ ಚೀಲ ತುಂಬಿಸಿಕೊಡುತ್ತಿದ್ದಳು. ಹಸಿರು ಕುರ್ತಾ, ಭುಜದವರೆಗೆ ಬಿಟ್ಟ ಕೂದಲು. ಅಜ್ಜಿ ಏನೋ ಹೇಳಿ, ಒಂದು ಕಟ್ಟು ಕೊತ್ತಂಬರಿಯನ್ನು ಬಿಟ್ಟಿಯಾಗಿ ಚೀಲಕ್ಕೆ ಸಿಕ್ಕಿಸಿ, ಅವಳ ಕೆನ್ನೆ ಚಿವುಟಿದಳು. ಹೆಂಗಸು ತಲೆ ಹಿಂದಕ್ಕೆ ಹಾಕಿ ನಕ್ಕಳು. ಇವಳೇ ಅವಳು. ವಯಸ್ಸು ಐವತ್ತಲ್ಲ, ಇನ್ನೂ ಹುಡುಗಿ. ಅಷ್ಟರ ಮಟ್ಟಿಗೆ ಜಲಜಮ್ಮನಿಗೆ ಸಮಾಧಾನವಾಯಿತು.

ಆಮೇಲೆ ಆ ಹೆಂಗಸು ರಸ್ತೆ ದಾಟಿ ಈ ಕಡೆ ನಡೆದು ಬಂದಳು.

ಜಲಜಮ್ಮ ಸಾವಿರಾರು ಜನರ ನಡಿಗೆ ನೋಡಿದವರು. ಎಡ ಪಾದ ಒಂದಿಷ್ಟು ಹೊರಕ್ಕೆ ತಿರುಗಿ, ಹಿಮ್ಮಡಿ ಒಂದು ಕ್ಷಣ ತಡವಾಗಿ ಊರುವ ಆ ನಡಿಗೆಯನ್ನು ಗುರುತಿಸಲು ಅವರಿಗೆ ಯಾವ ಅನುಭವವೂ ಬೇಕಿರಲಿಲ್ಲ. ಮುರಿದ ಕಾಲಿನ ಪಟ್ಟಿ ಬಿಚ್ಚಿದ ಮೇಲೆ ಆ ಹೆಜ್ಜೆಗಳನ್ನು ಕೈಹಿಡಿದು ಹಾಕಿಸಿದವರು ಅವರೇ. ಬಾಲ್ಕನಿಯ ಕಂಬಿ ಹಿಡಿದುಕೊಂಡರು. ತಮ್ಮ ಕಣ್ಣನ್ನೇ ಅನುಮಾನಿಸಿದರು. ಇನ್ನೊಮ್ಮೆ ನೋಡೋಣವೆಂದರೆ ಅವಳು ಕಟ್ಟಡದ ಒಳಗೆ ಬಂದಾಗಿತ್ತು. ಲಿಫ್ಟ್ ಮೇಲೆ ಬರುವ ಸದ್ದು ಕೇಳುತ್ತಿರುವಾಗ, ಬಾಗಿಲು ತೆರೆಯುವುದೇ ಬೇಡ ಎಂದು ಜಲಜಮ್ಮ ಬೇಡಿಕೊಂಡರು.

ಬಾಗಿಲು ತೆರೆಯಿತು. ಅತ್ತೆಯನ್ನು ನೋಡಿ ಚಿರು ಎಂಬ ಜೀವ ಅಲ್ಲೇ ನಿಂತುಬಿಟ್ಟಿತು. ತರಕಾರಿ ಚೀಲವನ್ನು ಎದೆಗೆ ಅವಚಿಕೊಂಡಿತು.

ಎಲ್ಲ ಗೊತ್ತಾಗಿದ್ದರೂ ಜಲಜಮ್ಮನ ನಾಲಿಗೆ ಸಿಡ್ನಿಯಿಂದ ಕಟ್ಟಿಕೊಂಡು ಬಂದ ಪ್ರಶ್ನೆಯನ್ನೇ ಕೇಳಿತು. ಪರ್ಸಿನಿಂದ ಆ ಪೊಟ್ಟಣಗಳನ್ನು ತೆಗೆದು ಮೇಜಿನ ಮೇಲೆ ಇಟ್ಟು, "ಇದು ಯಾರ್ದು? ಆ ಹೆಂಗಸು ಎಲ್ಲಿ?" ಎಂದರು.

"ನಂದು ಅತ್ತೆ," ಎಂದಿತು ಚಿರು. "ಬೇರೆ ಯಾರೂ ಇಲ್ಲ. ನಾನೇ."

ಗಾನವಿ ಟೀ ತಂದಿಟ್ಟು ಸದ್ದಿಲ್ಲದೆ ತನ್ನ ಕೋಣೆಗೆ ಹೋದಳು. ಅವಳ ಬೆನ್ನನ್ನು ನೋಡಿದ ಜಲಜಮ್ಮನಿಗೆ ಹೊಸ ಸಂಶಯವೊಂದು ಆಸರೆಯಾಗಿ ಸಿಕ್ಕಿತು. ಮುಳುಗುವವರಿಗೆ ಏನು ಸಿಕ್ಕರೂ ಸರಿ. ಇದನ್ನೆಲ್ಲ ಯಾರು ತಲೆಗೆ ತುಂಬಿದ್ದು, ಇವಳಾ, ಇಂಟರ್ನೆಟ್ಟಾ, ಯಾವ ಡಾಕ್ಟರು ಎಂದು ಒಂದರ ಮೇಲೊಂದು ಕೇಳಿದರು. ಅಮ್ಮ ಇಲ್ಲದೆ ಬೆಳೆದಿದ್ದಕ್ಕಾ ಎಂದರು. ನಾನು ಸರಿಯಾಗಿ ಬೆಳೆಸಲಿಲ್ಲವಾ ಎಂದರು. ಚಿರು ಒಂದಕ್ಕೂ ನಗಲಿಲ್ಲ, ಕೇಳದ್ದಕ್ಕೆ ಉತ್ತರ ಕೊಡಲೂ ಇಲ್ಲ. ಯಾರೂ ತುಂಬಿಲ್ಲ, ಚಿಕ್ಕಂದಿನಿಂದ ಹೀಗೇ, ಹೇಳಲು ಮಾತು ಗೊತ್ತಿರಲಿಲ್ಲ ಅಷ್ಟೇ ಎಂದು ಮೆಲ್ಲಗೆ ಹೇಳಿತು.

"ಹುಚ್ಚು ಹಿಡಿದಿದೆಯೇನೋ ನಿಂಗೆ? ನೀನು ನಮ್ಮನೆ ಗಂಡು ಮಗ ಕಣೋ," ಎಂದರು ಜಲಜಮ್ಮ. ಗದರಿದ್ದಲ್ಲ, ಅಂಗಲಾಚಿದ್ದು.

ಚಿರುವಿನ ಮುಖ ಸುಣ್ಣವಾಯಿತು. ಕೈ ಗಂಟಲಿಗೆ ಹೋಯಿತು.

ಈಗ ಅದು ಅವರ ಕಣ್ಣ ಮುಂದೆಯೇ, ಒಂದು ಕೈಯಳತೆ ದೂರದಲ್ಲಿ ನಡೆಯಿತು. ಕೆಳಗೆ ತರಕಾರಿ ಅಂಗಡಿಯ ಮುಂದೆ ತಲೆ ಹಿಂದಕ್ಕೆ ಹಾಕಿ ನಕ್ಕ ಅದೇ ಜೀವ. ಮಸಾಲೆಪುರಿ ಇಲ್ಲ, ಥೈರಾಯ್ಡ್ ಇಲ್ಲ, ಸಂಘದ ಅಂಕಲ್ ಇಲ್ಲ. ಕೋಣೆಯಲ್ಲಿ ಇದ್ದದ್ದು ಅವರಿಬ್ಬರೇ. ಆಡಿದ್ದು ಒಂದೇ ಮಾತು. ಜಲಜಮ್ಮನಿಗೆ ಗ್ಯಾರೇಜು ನೆನಪಾಯಿತು, ಟಿ-ಶರ್ಟಿನ ಅಂಚು ಹಿಡಿದ ಎಣ್ಣೆಗೈ ಯಾರದೆಂದು ನೆನಪಾಯಿತು. ಗೌರಿ ಹಬ್ಬದ ಸಂಜೆ ಗಲ್ಲ ಸವರಿದ ಕೈ ಯಾರದು? ಶಾಲೆಯ ಈಜಿನ ಕ್ಲಾಸಿಗೆ ಅಳುತ್ತ ನಿಂತ ಮಗುವಿಗೆ ಹುಡುಗರು ಅಳಬಾರದು ಎಂದು ಚಡ್ಡಿ ಮಾತ್ರ ತೊಡಿಸಿ ತಳ್ಳಿದವರು ಯಾರು? ಪ್ರತಿ ಸಲವೂ ಎಲ್ಲರ ಮೇಲೆ ಸಂಶಯಪಟ್ಟಿದ್ದರು, ಪ್ರತಿ ಸಲವೂ ಪಕ್ಕದಲ್ಲೇ ಇದ್ದ ಒಬ್ಬರನ್ನು ಮಾತ್ರ ಬಿಟ್ಟಿದ್ದರು. ಅವರು ಸೋಫಾದ ತುದಿಯಲ್ಲಿ ಕೂತರು.

"ಈಗ ನಾನು ಅಂದಿದ್ದಕ್ಕೆ ತಾನೆ ಹೀಗಾಗಿದ್ದು?" ಎಂದು ಕೇಳಿದರು.

ಚಿರು ಹೌದೆಂದು ತಲೆಯಾಡಿಸಿತು. ಎದುರಿಗೆ ನೆಲದ ಮೇಲೆ ಕೂತಿತು. ಹೀಗೆ ಯಾವಾಗ ಯಾವಾಗ ಆಗುತ್ತದೆಂದು ಗಮನಿಸಲು ಇಲ್ಲಿಯ ಕೌನ್ಸೆಲರ್ ಹೇಳಿದ್ದರಂತೆ. ಮೊದಲು ತನಗೇ ತಿಳಿಯುತ್ತಿರಲಿಲ್ಲ, ಸಿಡ್ನಿಯ ಹವೆ ಆಗುವುದಿಲ್ಲ ಎಂದುಕೊಂಡಿದ್ದೆ ಎಂದಿತು. ಆಮೇಲೆ ನೋಡಿದರೆ ಊರಿನ ತಪ್ಪಲ್ಲ. ಒಬ್ಬಳೇ ಇದ್ದರೆ, ಇಲ್ಲಿಯ ಜನರ ನಡುವೆ ಇದ್ದರೆ ದಿನಗಟ್ಟಲೆ ಏನೂ ಇಲ್ಲ. ಯಾರಾದರೂ ಗಂಡಸರ ಸಾಲಿಗೆ ತಳ್ಳಿದರೆ, ಸಾರ್ ಎಂದರೆ, ಫೋಟೋಗೆ ಜೆಂಟ್ಸ್ ಹಿಂದೆ ನಿಲ್ಲಿ ಎಂದರೆ, ಬಾಗಿಲು ಬಡಿದ ಹಾಗೆ ಬರುತ್ತದೆ. ಈ ಮೈ, ಈ ದನಿ, ಈ ಗಂಟಲಿನ ಗಂಟು ಬೇರೆ ಯಾರದೋ, ಅದರೊಳಗೆ ತನ್ನನ್ನು ಕೂಡಿಹಾಕಿದ್ದಾರೆ ಎನಿಸಿ ವಾಕರಿಕೆ ಬರುತ್ತದೆ.

"ನಾನು ಹಾಗೆ ಮಾಡಿದ್ರೆ?" ಎಂದರು ಜಲಜಮ್ಮ. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅನಿಸಿತು.

"ನಿಂದೇ ಎಲ್ಲಕ್ಕಿಂತ ಜಾಸ್ತಿ ಅತ್ತೆ. ಬೇರೆಯವರು ಅಂದ್ರೆ ಹೋಗ್ಲಿ ಅಂತ ಕೊಡವ್ಕೊಂಡ್‌ಬಿಡ್ತೀನಿ. ನೀನು ಪ್ರೀತಿಯಿಂದ ಮಾಡ್ತೀಯ. ಎಣ್ಣೆ ಹಚ್ಚುವಾಗ ನಿನ್ನ ಮುಖದಲ್ಲಿ ಎಷ್ಟು ಖುಷಿ ಇರುತ್ತೆ ಗೊತ್ತಾ? ಆ ಖುಷಿ ನನಗಲ್ಲ, ಇನ್ಯಾರೋ ಹುಡುಗನಿಗೆ ಅಂತ ಅನ್ಸುತ್ತೆ. ಅವನ ಜಾಗದಲ್ಲಿ ನಾನು ಕದ್ದು ಕೂತಿದೀನಿ ಅನ್ಸುತ್ತೆ."

ಜಲಜಮ್ಮ ಅತ್ತರು. ಜೋರಾಗಿಯೇ ಅತ್ತರು. ತಮ್ಮ ಜೀವನದ ಅತ್ಯಂತ ಸಂತೋಷದ ಗಳಿಗೆಗಳು ಈ ಮಗುವಿನ ಅತ್ಯಂತ ಕೆಟ್ಟ ಗಳಿಗೆಗಳಾಗಿದ್ದವು ಎಂಬುದನ್ನು ಹೊಟ್ಟೆಗೆ ಇಳಿಸಿಕೊಳ್ಳುವುದು ಹೇಗೆ? ತೋಳು ಚಾಚಿ ತಬ್ಬಿಕೊಳ್ಳಲು ಹೋದವರು, ಹಾಗೆ ಮಾಡಬಹುದೋ ಬಾರದೋ ತಿಳಿಯದೆ ಕೈಗಳನ್ನು ಮಡಿಲಿಗೆ ಎಳೆದುಕೊಂಡರು. ಅದನ್ನು ನೋಡಿದ ಚಿರು ತಾನೇ ಹತ್ತಿರ ಸರಿದು ಅವರ ಮೊಣಕಾಲಿಗೆ ತಲೆ ಆನಿಸಿತು.

ಟೀ ಆರಿಹೋಗಿತ್ತು. ಆ ಹೊತ್ತಿಗೆ ಜಲಜಮ್ಮನ ಫೋನ್ ಬಡಿದುಕೊಂಡಿತು. ಇಂದ್ರೇಶ. ಅವರು ಚಿರುವಿನ ಮುಖ ನೋಡಿದರು. ಬೇಡ, ಈಗ ಬೇಡ, ಅಪ್ಪನಿಗೆ ನಾನೇ ಹೇಳಬೇಕು ಎಂದು ಚಿರು ಪಿಸುಗುಟ್ಟಿತು. ಜಲಜಮ್ಮ ಕಣ್ಣೊರೆಸಿಕೊಂಡು ಫೋನ್ ಎತ್ತಿದರು. ಅವರ ಫೋನ್ ಯಾವಾಗಲೂ ಕಿರುಚುವಂಥದ್ದು, ಸ್ಪೀಕರ್ ಹಾಕದಿದ್ದರೂ ಆ ಕಡೆಯ ಮಾತು ಕೋಣೆಗೆಲ್ಲ ಕೇಳುತ್ತಿತ್ತು.

"ಸಿಕ್ಕಿದ್ಲಾ ಅಕ್ಕ, ಆ ಹೆಂಗಸು?"

"ಸಿಕ್ಕಿದ್ಲು," ಎಂದರು ಜಲಜಮ್ಮ.

ವಯಸ್ಸೆಷ್ಟು ಎಂದು ಇಂದ್ರೇಶ ಕೇಳಿದ. ಚಿರುವಿನಷ್ಟೇ ಎಂದರು. ಆ ಕಡೆ ದೊಡ್ಡದೊಂದು ನಿಟ್ಟುಸಿರು ಕೇಳಿಸಿತು. ಪ್ಯಾಚಿನ ವಿಷಯ ಕೇಳಿದ್ದಕ್ಕೆ, ಕೆಲವರಿಗೆ ಚಿಕ್ಕ ವಯಸ್ಸಿನಲ್ಲೂ ಬೇಕಾಗುತ್ತದೆ ಬಿಡು ಎಂದರು. ಎಂಥವಳು, ಒಳ್ಳೆಯವಳೇ ಎಂದು ಕೇಳಿದಾಗ ಮಾತ್ರ ಅವರ ದನಿ ಒಡೆಯಿತು. "ತುಂಬಾ ಒಳ್ಳೇವ್ಳು ಕಣೋ. ತುಂಬಾ ದಿನದಿಂದ ಒಬ್ಳೇ ಅನುಭವಿಸಿದಾಳೆ." ಇಂದ್ರೇಶ, ಹಾಗಾದರೆ ದೀಪಾವಳಿಗೆ ಇಬ್ಬರನ್ನೂ ಕರೆದುಕೊಂಡು ಬಾ, ನಾನೇನೂ ಅನ್ನುವುದಿಲ್ಲ ಎಂದ. ಕೇಳಿ ನೋಡುತ್ತೇನೆ ಎಂದು ಹೇಳಿ ಜಲಜಮ್ಮ ಫೋನ್ ಇಟ್ಟರು.

ಚಿರುವಿಗೆ ನಗು, ಅಳು ಎರಡೂ ಒಟ್ಟಿಗೆ ಬಂದಿದ್ದವು. ಅಪ್ಪನಿಗೆ ಸುಳ್ಳು ಹೇಳಿದೆ ಅಲ್ಲವಾ ಎಂದಳು. ಅದರಲ್ಲಿ ಯಾವುದು ಸುಳ್ಳೋ ತಮಗೂ ಗೊತ್ತಾಗುತ್ತಿಲ್ಲ ಎಂದರು ಜಲಜಮ್ಮ. ಆಮೇಲೆ, ಬಂದ ಕೆಲಸವನ್ನು ಬೇರೆ ದನಿಯಲ್ಲಿ ಕೇಳಿದರು. ಮಣೆ ಇಡುವುದಿಲ್ಲ, ಯಾರೂ ಬೇಡ, ಬಾಗಿಲು ಹಾಕಿಕೊಂಡು ನಾವು ನಾವೇ ಹಬ್ಬ ಮಾಡೋಣ, ಬರುತ್ತೀಯಾ ಎಂದರು.

"ಜನ ಬರ್ಲಿ ಅತ್ತೆ. ಬಾಗಿಲು ಹಾಕ್ಕೊಂಡು ನಾನು ತುಂಬಾ ವರ್ಷ ಇದ್ದೆ," ಎಂದಳು ಚಿರು. "ಆದ್ರೆ ಅಷ್ಟು ಜನರ ಮುಂದೆ ನನ್ನನ್ನ ಯಾರು ಅಂತ ಹೇಳ್ತೀಯ? ಅದಕ್ಕೆ ಉತ್ತರ ಇದ್ರೆ ಬರ್ತೀನಿ."

ಜಲಜಮ್ಮ ಬಾಯಿ ತೆರೆದರು. ಏನು ಹೇಳಬೇಕೆಂದು ಅವರಿಗೆ ಗೊತ್ತಿತ್ತು. ಬುದ್ಧಿಗೆ ಹೊಳೆದದ್ದು ನಾಲಿಗೆಗೆ ಬರಲೊಲ್ಲದು. ಇಪ್ಪತ್ತಾರು ವರ್ಷ ಬೇರೆ ಮಾತನ್ನೇ ಆಡಿಕೊಂಡು ಬಂದ ನಾಲಿಗೆ ಅದು. ಚಿರು ಅವರ ಬಾಯನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಒಂದಿಷ್ಟು ಅನುಮಾನ ಇತ್ತು, ನ್ಯಾಯವಾದ ಅನುಮಾನ. ಈಗ ತಪ್ಪಿದರೆ ಇವಳು ಮತ್ತೆ ಬರುವುದಿಲ್ಲ ಎಂದು ಜಲಜಮ್ಮನಿಗೆ ಭಯವಾಯಿತು.

ಅವರು ಎದ್ದು ಗಾನವಿಯ ಕೋಣೆಯ ಬಾಗಿಲು ತಟ್ಟಿದರು. ಅವಳು ಹೊರಗೆ ಬಂದಳು.

"ಗಾನವಿ, ಇವಳು," ಎಂದು ಜಲಜಮ್ಮ ಶುರು ಮಾಡಿದರು. ಅಲ್ಲಿಗೇ ನಿಂತಿತು. ಸೆರಗಿನಿಂದ ಬಾಯಿ ಒರೆಸಿಕೊಂಡರು. "ಇವಳು ಚಿರು. ನನ್ನ ತಮ್ಮನ... ಮಗಳು."

ಒಂದೇ ಮನೆಯಲ್ಲಿ ಅವಳೊಂದಿಗೆ ವರ್ಷಗಳಿಂದ ಇದ್ದುಕೊಂಡು ಬಂದಿದ್ದ ಗಾನವಿ ಚಿರುವಿನ ಕಡೆ ತಿರುಗಿ, ಈಗಷ್ಟೇ ಕಂಡವಳಂತೆ ಎರಡೂ ಕೈ ಜೋಡಿಸಿದಳು. "ಹೌದೇನ್ರಿ ಆಂಟಿ? ಭಾಳ ಸಂತೋಷಾತು ನೋಡ್ರಿ," ಎಂದಳು.

ಜಲಜಮ್ಮ ಚಿರುವಿನ ಕೈಯನ್ನು ನೋಡಿದರು. ಅದು ಗಂಟಲಿಗೆ ಹೋಗಲಿಲ್ಲ. ಮಡಿಲಲ್ಲೇ ಇತ್ತು.

"ತಾಳು," ಎಂದರು ಜಲಜಮ್ಮ ಗಾನವಿಗೆ. "ಮಧ್ಯದಲ್ಲಿ ನಿಂತುಬಿಟ್ಟೆ. ಇನ್ನೊಂದ್ ಸಲ ಹೇಳ್ತೀನಿ."